ಬಿಸಿಯಾದ ಮೇಲೆ ಮಿಣುಕುವ ಆಯಿಲ್ ಲ್ಯಾಂಪ್: ಹಳೇ ಎಕ್ಸ್‌ಕವೇಟರ್ ಇಟ್ಟಿರುವವರು ಸ್ವಲ್ಪ ಹೇಳಿ

ಕೇಳಿದವರು, ಮದ್ದೂರು ಕಡೆ

ಸೆಕೆಂಡ್ ಹ್ಯಾಂಡ್‌ನಲ್ಲಿ 20 ಟನ್ ಎಕ್ಸ್‌ಕವೇಟರ್ ತಗೊಂಡು ನಾಲೆ ಹೂಳು ತೆಗೆಯುವ ಕೆಲಸಕ್ಕೆ ಬಿಟ್ಟಿದ್ದೇನೆ. ಬೆಳಿಗ್ಗೆ ಏನೂ ತೊಂದರೆ ಇಲ್ಲ. ಮಧ್ಯಾಹ್ನ ಇಂಜಿನ್ ಚೆನ್ನಾಗಿ ಕಾದ ಮೇಲೆ, ಲಿವರ್ ಬಿಟ್ಟು ಐಡಲ್‌ಗೆ ಬಂದ ಕೂಡಲೇ ಆಯಿಲ್ ಪ್ರೆಷರ್ ಲ್ಯಾಂಪ್ ಮಿಣುಕುತ್ತದೆ, ಬಜರ್ ಕೂಗುತ್ತದೆ. ಆಕ್ಸಿಲರೇಟರ್ ಏರಿಸಿದರೆ ಎರಡೂ ನಿಲ್ಲುತ್ತವೆ. ಮೆಕ್ಯಾನಿಕ್ ಒಬ್ಬರು ಇಂಜಿನ್ ಇಳಿಸಿ ಬೋರ್ ಕೆಲಸ (ಸಿಲಿಂಡರ್ ಲೈನರ್, ಪಿಸ್ಟನ್ ರಿಂಗ್ ಕೆಲಸ) ಮಾಡಿಸಿ ಅಂತಾರೆ. ಆಪರೇಟರ್, ಲ್ಯಾಂಪ್ ಹೊತ್ತಿಸುವ ಆಯಿಲ್ ಪ್ರೆಷರ್ ಸ್ವಿಚ್ ಬದಲಾಯಿಸಿದರೆ ಸಾಕು ಅಂತಾನೆ. ಯಾರ ಮಾತು ಕೇಳಲಿ?

ಎರಡು ಮಷೀನ್ ಓಡಿಸುವವರು, ಪಾಂಡವಪುರ

ಮೊದಲು ಮಷೀನ್ ನಿಲ್ಲಿಸಿ ಅಣ್ಣಾ. ಕಂಟ್ರಾಕ್ಟರ್ ಬೈದರೆ ಬೈಯಲಿ. ಆಕ್ಸಿಲರೇಟರ್ ಏರಿಸಿ ಲ್ಯಾಂಪ್ ಆರಿಸಿಕೊಂಡು ಕೆಲಸ ಮುಂದುವರಿಸುವ ಆಪರೇಟರ್‌ಗಳು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಬೇರಿಂಗ್ ಕಚ್ಚಿಕೊಂಡು ಕ್ರ್ಯಾಂಕ್ ಹೋದರೆ ಅವರ ಗಂಟೇನು ಹೋಗಲ್ಲ, ಮಾಲೀಕನದು ಹೋಗುತ್ತೆ.

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ನಾಲೆ ಏರಿ ಮೇಲೆ ವಾಲಿಕೊಂಡು ಕೆಲಸ ಮಾಡುವಾಗ ಆಯಿಲ್ ಕಡಿಮೆ ಇದ್ದರೆ, ಆಯಿಲ್ ಎಳೆಯುವ ಪೈಪಿನ ಬಾಯಿಯ ಜಾಲರಿ ಅಂದ್ರೆ ಸ್ಟ್ರೈನರ್‌ಗೆ ಸಿಗದೆ ಗಾಳಿ ಎಳೆಯುತ್ತೆ. ಆಗಲೂ ಇದೇ ಲ್ಯಾಂಪ್.

ಗ್ಯಾರೇಜ್ ನಡೆಸುವವರು, ಮೈಸೂರು

ಗೇಜ್ ಹಾಕದೆ ಸ್ವಿಚ್ ಅನ್ನೋದೂ ಊಹೆ, ಬೋರ್ ಅನ್ನೋದೂ ಊಹೆ. ಸ್ವಿಚ್ ಇರುವ ಜಾಗದಲ್ಲಿ ಮೆಕ್ಯಾನಿಕಲ್ ಪ್ರೆಷರ್ ಗೇಜ್ ಕೂರಿಸಿ. ಹಳೇ ಸ್ವಿಚ್ಚನ್ನೇ ಅಂಗಡಿಗೆ ಹಿಡಿದುಕೊಂಡು ಹೋಗಿ, ಅದೇ ಥ್ರೆಡ್‌ನ ಅಡಾಪ್ಟರ್ ಕೊಡಿ ಅನ್ನಿ. ಅಂದಾಜಿನಲ್ಲಿ ತಂದು ಬಿಗಿದರೆ ಬ್ಲಾಕ್‌ನ ಥ್ರೆಡ್ ಹೋಗುತ್ತೆ, ಅದು ಇನ್ನೊಂದು ಕರ್ಮ.

ಎರಡು ಸಲ ಅಳೆಯಿರಿ: ತಣ್ಣಗಿದ್ದಾಗ ಒಮ್ಮೆ, ಬಕೆಟ್ ಆಡಿಸಿ ಪೂರ್ತಿ ಬಿಸಿಯಾದ ಮೇಲೆ ಒಮ್ಮೆ. ಎರಡು ಸಲವೂ ಐಡಲ್‌ನಲ್ಲಿ ಮತ್ತು ಫುಲ್ ಥ್ರಾಟಲ್‌ನಲ್ಲಿ ಎಷ್ಟು ಅಂತ ಬರೆದಿಟ್ಟುಕೊಳ್ಳಿ. ಈ ಸೈಜಿನ ಡೀಸೆಲ್ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಬಿಸಿ ಐಡಲ್‌ನಲ್ಲಿ 1 ಬಾರ್‌ಗಿಂತ ಮೇಲೆ, ಫುಲ್‌ನಲ್ಲಿ 3ರಿಂದ 5 ಬಾರ್ ಇರುತ್ತೆ. ನಿಮ್ಮ ಮಾಡೆಲ್‌ನ ಬುಕ್ಕಿನಲ್ಲಿರೋದೇ ಕೊನೇ ಮಾತು. ಗೇಜ್‌ನಲ್ಲಿ ಪಿಎಸ್‌ಐ ಇದ್ದರೆ 1 ಬಾರ್ ಅಂದ್ರೆ 14.5. ಲ್ಯಾಂಪಿನ ಸ್ವಿಚ್ ಸಾಮಾನ್ಯವಾಗಿ 0.5 ಬಾರ್ ಆಸುಪಾಸಿಗೆ ಇಳಿದಾಗ ಮಾತ್ರ ಹೊತ್ತಿಸೋದು. ಹಾಗಾಗಿ ಲ್ಯಾಂಪ್ ನಿಜವೇ ಹೇಳುತ್ತಿದ್ದರೆ ಆಗಲೇ ತಡ ಆಗಿದೆ ಅಂತಲೇ ಲೆಕ್ಕ.

ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿ ಐಡಲ್‌ನಲ್ಲಿ ಮಾತ್ರ ಬೀಳುತ್ತಿದ್ದರೆ ಆಯಿಲ್ ತೆಳ್ಳಗಾಗಿದೆ, ಇಲ್ಲವೇ ಬೇರಿಂಗ್ ಸಂದು ಜಾಸ್ತಿ ಆಗಿದೆ. ಡ್ರಿಪ್ ಪೈಪ್‌ನಲ್ಲಿ ತೂತುಗಳು ದೊಡ್ಡದಾದ ಹಾಗೆ: ಪಂಪ್ ನೀರು ಕೊಡುತ್ತಲೇ ಇರುತ್ತೆ, ಪೈಪ್‌ನಲ್ಲಿ ಪ್ರೆಷರ್ ನಿಲ್ಲಲ್ಲ. ತಣ್ಣಗೆ, ಬಿಸಿ, ಐಡಲ್, ಫುಲ್ ಎಲ್ಲದರಲ್ಲೂ ಕಡಿಮೆ ಬಂದರೆ ಮೊದಲು, ಜಾಸ್ತಿ ಆದ ಪ್ರೆಷರ್ ಬಿಟ್ಟುಕೊಡುವ ರಿಲೀಫ್ ವಾಲ್ವ್ ನೋಡಿ. ಒಂದು ಚೂರು ಕಸ ಸಿಕ್ಕಿ ವಾಲ್ವ್ ತೆರೆದೇ ನಿಂತಿದ್ದರೂ ಹಾಗಾಗುತ್ತೆ. ಆಮೇಲೆ ಸ್ಟ್ರೈನರ್, ಅದರ ಪೈಪಿನ ಓ-ರಿಂಗ್, ಕೊನೆಗೆ ಆಯಿಲ್ ಪಂಪ್.

ಬೋರ್ ಕೆಲಸದ ಮಾತು ನನಗೆ ಹಿಡಿಸಲಿಲ್ಲ. ಲೈನರ್, ರಿಂಗ್ ಸವೆದರೆ ಹೊಗೆ ಬರುತ್ತೆ, ಆಯಿಲ್ ಉರಿಯುತ್ತೆ, ಬ್ರೀದರ್‌ನಲ್ಲಿ ಗಾಳಿ ತಳ್ಳುತ್ತೆ. ಆಯಿಲ್ ಪ್ರೆಷರ್ ನಿಲ್ಲೋದು ಮೇನ್ ಬೇರಿಂಗ್, ಕನೆಕ್ಟಿಂಗ್ ರಾಡ್ ಬೇರಿಂಗ್ ಮೇಲೆ. ಅದನ್ನು ನೋಡೋದಕ್ಕೆ ಎಷ್ಟೋ ಮಷೀನ್‌ಗಳಲ್ಲಿ ಇಂಜಿನ್ ಇಳಿಸಲೇಬೇಕಿಲ್ಲ. ಕೆಳಗಿನ ಕವರ್ ಬಿಚ್ಚಿ, ಚೇಂಬರ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಇಳಿಸಿದರೆ ಬೇರಿಂಗ್ ಕ್ಯಾಪ್ ಕೈಗೆ ಸಿಗುತ್ತೆ.

ಅದಕ್ಕೂ ಮೊದಲು ಹಳೇ ಫಿಲ್ಟರ್ ಕೊಯ್ದು ನೋಡಿ. ಹ್ಯಾಕ್ಸಾ ಬೇಡ, ಅದರ ಪುಡಿಯೇ ಒಳಗೆ ಬಿದ್ದು ದಾರಿ ತಪ್ಪಿಸುತ್ತೆ. ಪೇಪರ್ ಮಡಿಕೆಗಳನ್ನು ಬಿಡಿಸಿ, ಹಿಂಡಿ, ಬಿಸಿಲಿಗೆ ಹಿಡಿಯಿರಿ. ತಾಮ್ರದ ಬಣ್ಣದ ಮಿಂಚು ಕಂಡರೆ ಬೇರಿಂಗ್ ಮೇಲಿನ ಪದರ ಸವೆದು ತಳ ಕಾಣುತ್ತಿದೆ, ಇಲ್ಲವೇ ಯಾವುದೋ ಬುಷ್ ಸವೆಯುತ್ತಿದೆ. ಮ್ಯಾಗ್ನೆಟ್‌ಗೆ ಅಂಟಿದರೆ ಕಬ್ಬಿಣ. ಇಷ್ಟು ಕಂಡ ಮೇಲೆ ಸ್ಟಾರ್ಟ್ ಮಾಡಲೇಬೇಡಿ.

ಆಟೋ ಎಲೆಕ್ಟ್ರಿಷಿಯನ್, ಮಂಡ್ಯ

ಮೇಲಿನವರು ಹೇಳಿದ್ದು ಸರಿ. ವೈರಿಂಗ್ ಬಗ್ಗೆ ಒಂದು ಮಾತು ಸೇರಿಸ್ತೀನಿ. ಹಳೇ ಮಾಡೆಲ್‌ನಲ್ಲಿ ಸ್ವಿಚ್‌ಗೆ ಒಂದೇ ವೈರ್ ಇದ್ದರೆ, ಕೀ ಆನ್ ಮಾಡಿ ಅದನ್ನು ಕಿತ್ತು ಗಾಳಿಯಲ್ಲಿ ಹಿಡಿಯಿರಿ. ಲ್ಯಾಂಪ್ ಆರಬೇಕು. ಆರದಿದ್ದರೆ ವೈರ್ ಎಲ್ಲೋ ಉಜ್ಜಿ ಬಾಡಿಗೆ ತಾಗಿ ಅರ್ಥ್ ಆಗಿದೆ. ಮೂರು ವೈರ್ ಇದ್ದರೆ ಅದು ಸೆನ್ಸರ್, ಈ ಟೆಸ್ಟ್ ಅದಕ್ಕಲ್ಲ. ಕನೆಕ್ಟರ್ ಬಿಚ್ಚಿದಾಗ ಒಳಗೆ ಆಯಿಲ್ ಜಿನುಗಿದ್ದರೆ ಸ್ವಿಚ್ಚೇ ಹೋಗಿದೆ ಅನ್ನಬಹುದು. ಆದರೆ ಬಿಸಿಯಾದಾಗ ಮಾತ್ರ, ಐಡಲ್‌ನಲ್ಲಿ ಮಾತ್ರ ಬರೋ ಕಂಪ್ಲೇಂಟ್ ವೈರಿನದು ಅಂತ ನನಗನ್ನಿಸಲ್ಲ.

ಹೋದ ವರ್ಷ ಮಷೀನ್ ಹುಡುಕಿದವರು, ಕೆ.ಆರ್.ಪೇಟೆ

ತಗೊಳ್ಳೋಕೆ ಮುಂಚೆ ನೋಡುವವರಿಗೆ ಇದು. ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿಸಿ. ಆಯಿಲ್ ಲ್ಯಾಂಪ್ ಹೊತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ನಾನು ನೋಡಿದ ಒಂದರಲ್ಲಿ ಹೊತ್ತಲೇ ಇಲ್ಲ, ಬಲ್ಬೇ ಇರಲಿಲ್ಲ! ಇನ್ನು ಕೆಲವರು ದಪ್ಪ ಆಯಿಲ್ ತುಂಬಿಸಿ ತೋರಿಸ್ತಾರೆ. ಒಂದು ಗಂಟೆ ನಿಜವಾದ ಕೆಲಸ ಮಾಡಿಸಿ, ಆಮೇಲೆ ಐಡಲ್‌ಗೆ ಇಳಿಸಿ ನೋಡಿ. ತೊಳೆದು ಪೇಂಟ್ ಹೊಡೆದದ್ದನ್ನು ನೋಡಿ ಮಾರುಹೋಗಬೇಡಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಗೇಜ್ ಹಾಕಿಸಿದೆ. ತಣ್ಣಗಿದ್ದಾಗ ಐಡಲ್‌ನಲ್ಲಿ 3 ಬಾರ್ ಹತ್ತಿರ. ಬಿಸಿಯಾದ ಮೇಲೆ 0.5, ಫುಲ್ ಕೊಟ್ಟರೆ 2.8. ಫಿಲ್ಟರ್ ಕೊಯ್ದು ನೋಡಿದೆವು, ಮಿಂಚು ಏನೂ ಕಾಣಲಿಲ್ಲ. ಆದರೆ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೇಲಿನ ಗೆರೆಗಿಂತ ಮೇಲಿದೆ. ನಾವ್ಯಾರೂ ಹಾಕಿಲ್ಲ. ಮೂಸಿದರೆ ಡೀಸೆಲ್ ವಾಸನೆ.

ಗ್ಯಾರೇಜ್ ನಡೆಸುವವರು, ಮೈಸೂರು

ಹಾಗಾದರೆ ಸ್ವಿಚ್ ಸುಳ್ಳು ಹೇಳ್ತಿಲ್ಲ. ಆಯಿಲ್‌ಗೆ ಡೀಸೆಲ್ ಸೇರುತ್ತಿದೆ, ಅದಕ್ಕೇ ಕಾದ ಮೇಲೆ ನೀರಿನ ಹಾಗೆ ತೆಳ್ಳಗಾಗ್ತಿದೆ. ಡೀಸೆಲ್ ಫೀಡ್ ಪಂಪ್ ಬಿಚ್ಚಿಸಿ, ಇಂಜೆಕ್ಷನ್ ಪಂಪ್ ಸೀಲ್ ನೋಡಿಸಿ, ಇಂಜೆಕ್ಟರ್‌ಗಳನ್ನು ಟೆಸ್ಟ್‌ಗೆ ಕೊಡಿ. ಕೆಲವು ಇಂಜಿನ್‌ಗಳಲ್ಲಿ ಇಂಜೆಕ್ಟರ್‌ನ ರಿಟರ್ನ್ ಪೈಪ್ ಟ್ಯಾಪೆಟ್ ಕವರ್ ಒಳಗೇ ಇರುತ್ತೆ. ಅಲ್ಲಿ ಸೋರಿದರೆ ಹೊರಗೆ ಒಂದು ಹನಿಯೂ ಕಾಣಲ್ಲ, ಎಲ್ಲ ಚೇಂಬರ್‌ಗೆ ಇಳಿಯುತ್ತೆ. ಕವರ್ ತೆಗೆಸಿ ನೋಡಿ.

ಸೋರಿಕೆ ಸರಿ ಮಾಡಿಸಿದ ಮೇಲೆ ಆಯಿಲ್, ಫಿಲ್ಟರ್ ಎರಡೂ ಬದಲಾಯಿಸಿ. ಬುಕ್ಕಿನಲ್ಲಿ ಆಯಿಲ್ ಗ್ರೇಡ್ 15ಡಬ್ಲ್ಯೂ-40 ಅಂತ ಇದ್ದರೆ ಅದನ್ನೇ ಹಾಕಿ. ಲ್ಯಾಂಪ್ ಆರಲಿ ಅಂತ ಇನ್ನೂ ದಪ್ಪದ 20ಡಬ್ಲ್ಯೂ-50 ಹಾಕಿಸಿಕೊಳ್ಳಬೇಡಿ. ಗೇಜ್ ತೆಗೆಯದೆ ಮತ್ತೆ ಬಿಸಿ ಮಾಡಿ ಅಳೆಯಿರಿ. 1 ಬಾರ್ ದಾಟಿದರೆ ಕೆಲಸಕ್ಕೆ ಕಳಿಸಿ, ಆದರೆ ದಿನಾ ಬೆಳಿಗ್ಗೆ ಡಿಪ್‌ಸ್ಟಿಕ್ ನೀವೇ ನೋಡಿ. ದಾಟದಿದ್ದರೆ, ತೆಳ್ಳಗಿನ ಆಯಿಲ್‌ನಲ್ಲಿ ಓಡಿ ಬೇರಿಂಗ್ ಸವೆದಿರಬಹುದು. ಆಗ ಚೇಂಬರ್ ಇಳಿಸಿ, ಒಂದು ಮೇನ್, ಒಂದು ಕನೆಕ್ಟಿಂಗ್ ರಾಡ್ ಕ್ಯಾಪ್ ಬಿಚ್ಚಿ, ಫೋಟೋ ಹಾಕಿ.