ಬಟ್ಟೆ ಚೀಲದ ಹಿಡಿಕೆ ಕಿತ್ತುಬರದಂತೆ ಹೊಲಿಯುವುದು ಹೇಗೆ?

ಪ್ರಶ್ನೆ: ದಪ್ಪ ಕ್ಯಾನ್ವಾಸಿನಲ್ಲಿ 14 ಇಂಚು ಅಗಲ, 15 ಇಂಚು ಎತ್ತರದ ಚಪ್ಪಟೆ ಚೀಲ ಹೊಲಿಯಬೇಕು. ಐದು ಕೆಜಿ ತೂಕ ತಡೆಯಬೇಕು, ಹೆಗಲಿಗೂ ಬರಬೇಕು. ಹಿಡಿಕೆ ಅದೇ ಬಟ್ಟೆಯದ್ದಿರಲೋ, ನೇಯ್ದ ಪಟ್ಟಿ ಹಾಕಲೋ? ಇರುವುದು ಮನೆಬಳಕೆಯ ಮಷೀನು.

— ಅದೇ ಬಟ್ಟೆ ಸಾಕು. 4 ಇಂಚು ಅಗಲ, 28 ಇಂಚು ಉದ್ದದ ಎರಡು ಪಟ್ಟಿ ಕತ್ತರಿಸಿ. ಉದ್ದ ಎಳೆಯ ಗುಂಟವೇ ಕತ್ತರಿಸಬೇಕು. ಓರೆಯಾದರೆ ತೂಕಕ್ಕೆ ಜಗ್ಗಿ ಉದ್ದವಾಗುತ್ತದೆ. ಉದ್ದಕ್ಕೆ ನಡುವೆ ಮಡಿಚಿ ಇಸ್ತ್ರಿ ಮಾಡಿ, ಬಿಚ್ಚಿ, ಎರಡೂ ಅಂಚನ್ನು ನಡುಗೆರೆಗೆ ತಂದು ಮತ್ತೆ ಮಡಿಚಿದರೆ ನಾಲ್ಕು ಪದರದ 1 ಇಂಚಿನ ಹಿಡಿಕೆ. ಎರಡೂ ಬದಿ ಅಂಚಿನಿಂದ ಎಂಟನೇ ಒಂದು ಇಂಚು ಒಳಗೆ ಹೊಲಿಗೆ ಹಾಕಿ, ಎರಡನ್ನೂ ಒಂದೇ ತುದಿಯಿಂದ ಶುರುಮಾಡಿ. ಒಂದು ಹೋಗುತ್ತ, ಇನ್ನೊಂದು ಬರುತ್ತ ಹೊಲಿದರೆ ಪಟ್ಟಿ ತಿರುಚಿಕೊಳ್ಳುತ್ತದೆ.

— ಹಿಡಿಕೆ ತುಂಡಾಗುವುದು ಅಪರೂಪ. ಹರಿಯುವುದು ಅದರ ಬುಡದ ಚೀಲದ ಬಟ್ಟೆ, ಅದೂ ಒಂದೇ ಪದರ ಇರುವಲ್ಲಿ. ಹಾಗಾಗಿ ಬಾಯಿಯನ್ನು ಮೊದಲು ಅರ್ಧ ಇಂಚು, ಆಮೇಲೆ 2 ಇಂಚು ಒಳಮಡಿಚಿ ಹೊಲಿಯಿರಿ. ಹಿಡಿಕೆಯ ತುದಿ 2 ಇಂಚು ಆ ಮಡಿಕೆಯ ಮೇಲೆ ಒಳಬದಿಗೆ ಕೂರಲಿ. ಅದರ ಮೇಲೆ ಅಂಚು ಮಡಿಚಿದ ಒಂದು ತೇಪೆ ಇಟ್ಟರೆ ಬಿಚ್ಚು ಎಳೆಯೂ ಮುಚ್ಚುತ್ತದೆ. ನಂತರ ಎಲ್ಲ ಸೇರಿಸಿ ಚೌಕ ಹೊಲಿದು, ಒಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ. ಅಡ್ಡಕ್ಕೆ ಒಂದೇ ಗೆರೆ ಎಳೆದರೆ ಇಡೀ ಭಾರ ಅದರ ಮೇಲೇ ಬೀಳುತ್ತದೆ.

ಟಾಕಿ, ಅಂದರೆ ಸೂಜಿಯ ಒಂದು ತೂತಿನಿಂದ ಮುಂದಿನ ತೂತಿನವರೆಗಿನ ಹೊಲಿಗೆ, ಸಣ್ಣದಾದಷ್ಟೂ ಗಟ್ಟಿ ಅಂದುಕೊಳ್ಳಬೇಡಿ. ತೂತುಗಳು ಒತ್ತೊತ್ತಾದರೆ ಅಂಚೆಚೀಟಿಯ ಹಾಗೆ ಅಲ್ಲೇ ಹರಿಯುತ್ತದೆ. 3ರಿಂದ 3.5 ಮಿ.ಮೀ. ಇಡಿ. ದಾರ ಪಾಲಿಯೆಸ್ಟರ್, ಸೂಜಿ 100 ನಂಬರಿನ ಜೀನ್ಸ್ ಸೂಜಿ, ತೀರಾ ದಪ್ಪವಾದರೆ 110.

— ಏಳು ಪದರ ಸೇರುವಲ್ಲಿ ಮಷೀನಿನ ಪಾದ ಮುಂದಕ್ಕೆ ಎದ್ದು ಟಾಕಿ ತಪ್ಪುತ್ತದೆ. ಪಾದದ ಹಿಂಭಾಗದ ಕೆಳಗೆ ಅಷ್ಟೇ ದಪ್ಪದ ಮಡಿಚಿದ ಬಟ್ಟೆ ಕೊಟ್ಟು ಮಟ್ಟ ಮಾಡಿ, ಆ ನಾಲ್ಕಾರು ಟಾಕಿಯನ್ನು ಕೈಯಿಂದಲೇ ಚಕ್ರ ತಿರುಗಿಸಿ ಹಾಕಿ. ಬಟ್ಟೆಯನ್ನು ಹಿಂದಿನಿಂದ ಎಳೆದರೆ ಸೂಜಿ ಬಾಗಿ ಮುರಿಯುತ್ತದೆ.

— ಪುಸ್ತಕ, ದಿನಸಿ ತುಂಬುವುದಾದರೆ ನಾನಂತೂ ನೇಯ್ದ ಪಟ್ಟಿಯನ್ನೇ ಹೇಳುತ್ತೇನೆ. ಚೀಲದ ತಳ ಸುತ್ತಿ ಬರುವಂತೆ ಒಂದೇ ಬಳೆ ಮಾಡಿ. ಆಗ ಭಾರ ಹೊರುವುದು ಪಟ್ಟಿ, ಬಟ್ಟೆಯಲ್ಲ. ನಿಮ್ಮ ಅಳತೆಗೆ: ಎತ್ತರ 15×4 = 60, ಹಿಡಿಕೆ 24×2 = 48, ತುದಿಗಳು ಒಂದರ ಮೇಲೊಂದು ಕೂರಲು 2; ಒಟ್ಟು 110 ಇಂಚು. ಮೂರು ಮೀಟರ್ ತಂದರೆ ಸಾಕು. ಜೋಡಣೆ ತಳದಲ್ಲಿ ಬರಲಿ.

ಬದಿ ಹೊಲಿಯುವ ಮೊದಲೇ, ಬಟ್ಟೆ ಹಾಸಿಕೊಂಡು ಹೊರಮೈಗೆ ಪಟ್ಟಿ ಹೊಲಿಯಬೇಕು. ಹೊಲಿಗೆಯನ್ನು ಬಾಯಿಯ ಕತ್ತರಿಸಿದ ಅಂಚಿಗಿಂತ 5 ಇಂಚು ಕೆಳಗೇ ನಿಲ್ಲಿಸಿ, ಇಲ್ಲದಿದ್ದರೆ ಬಾಯಿ ಮಡಿಚಲು ಆಗುವುದಿಲ್ಲ. ಮಡಿಚಿದ ಮೇಲೆ ಅಲ್ಲಿ ಚೌಕ ಹಾಕಿ. ಹತ್ತಿಯ ಪಟ್ಟಿಯಾದರೆ ಮೊದಲು ನೆನೆಸಿ ಒಣಗಿಸಿ. ಆಮೇಲೆ ಕುಗ್ಗಿದರೆ ಚೀಲವೆಲ್ಲ ಸುಕ್ಕು. ಪಾಲಿಪ್ರೊಪಿಲೀನ್ ಪಟ್ಟಿಯ ತುದಿಯನ್ನು ಬೆಂಕಿಗೆ ತೋರಿಸಿದರೆ ಎಳೆ ಬಿಚ್ಚುವುದಿಲ್ಲ, ಆದರೆ ಬಿಸಿ ಇಸ್ತ್ರಿ ತಾಗಿಸಬೇಡಿ, ಕರಗುತ್ತದೆ. ಅದರ ಅಂಚು ಕೈಗೂ ಒತ್ತುತ್ತದೆ.

ಪ್ರಶ್ನೆ: ಬಟ್ಟೆಯ ಹಿಡಿಕೆಯನ್ನೇ ಮಾಡಿದರೆ ಒಳಗೆ ಬಕ್ರಂ (ಕಾಲರಿನಲ್ಲಿ ಹಾಕುವಂಥ ಬಿರುಸು ಬಟ್ಟೆ) ಬೇಕೇ? ಎರಡು ಬುಡದ ನಡುವೆ ಎಷ್ಟು ಬಿಡಬೇಕು?

— ಕ್ಯಾನ್ವಾಸಿಗೆ ಬೇಡ. ಬಕ್ರಂ ಬಿಗಿ ಕೊಡುತ್ತದೆ, ಬಲ ಕೊಡುವುದಿಲ್ಲ. ಬಟ್ಟೆ ತೆಳುವಾದರೆ ಒಳಗೆ 1 ಇಂಚಿನ ಹತ್ತಿ ಪಟ್ಟಿ ಸೇರಿಸಿ. ಬದಿಯಿಂದ ಮೂರೂವರೆ ಇಂಚು ಬಿಟ್ಟು ಹಿಡಿಕೆ ಇಟ್ಟರೆ ನಡುವೆ 5 ಇಂಚು ಉಳಿಯುತ್ತದೆ. ಬುಡಗಳು ಇನ್ನೂ ದೂರವಾದರೆ ತೂಕ ಬಿದ್ದಾಗ ಬಾಯಿಯ ನಡುಭಾಗ ಜೋತುಬೀಳುತ್ತದೆ.