ಅಡುಗೆಮನೆ ಕಪಾಟು: ಬಾಗಿಲಷ್ಟೇ ಬದಲಾಯಿಸೋದಾ, ಪೂರ್ತಿ ಕೀಳಿಸೋದಾ? ಬಡಗಿಯವರನ್ನ ಕೇಳಿ

ಬಡಗಿ: ಇವತ್ತು ಅಂಗಡಿ ರಜ, ಸಂಜೆ ತನಕ ಕೇಳ್ರಿ. ಒಳಗಿನ ಡಬ್ಬಿ, ಅಂದ್ರೆ ಬಾಗಿಲು ಕೂರಿಸೋ ಪೆಟ್ಟಿಗೆ, ಗಟ್ಟಿ ಇದ್ರೆ ಬಾಗಿಲು, ಡ್ರಾಯರ್ ಮುಖ, ಹಿಂಜ್ ಇಷ್ಟನ್ನೇ ಬದಲಾಯಿಸಬಹುದು. ಡಬ್ಬಿ ಹೋಗಿದ್ರೆ ಆ ಮಾತೇ ಬೇಡ. ಫೋಟೋ ಸಿಂಕ್ ಕೆಳಗಿಂದು ಹಾಕ್ರಿ, ಹೊರಗಿನ ಹೊಳಪಿನದಲ್ಲ.

ಪಿ.ಜೆ. ಬಡಾವಣೆ: ಚದರ ಅಡಿಗೆ ಎಷ್ಟಾಗುತ್ತೆ ಸಾರ್?

ಬಡಗಿ: ನೋಡದೆ ಹೇಳಲ್ಲ.

ಎಂಸಿಸಿ ಬಿ ಬ್ಲಾಕ್: ಹಳೇ ಮನೆ. ಕಟ್ಟೆ ಕೆಳಗೆ ಕಡಪ ಕಲ್ಲಿನ ಪಾರ್ಟಿಷನ್, ಮುಂದೆ ಚೌಕಟ್ಟು, ಪ್ಲೈ ಬಾಗಿಲು. ಒಡೆಸಿ ಮಾಡ್ಯುಲರ್ ಮಾಡಿಸೋಣ ಅಂತಾಳೆ ಮಗಳು.

ಬಡಗಿ: ಕಲ್ಲು ಮುಟ್ಟಬೇಡ್ರಿ. ಅದಕ್ಕಿಂತ ಗಟ್ಟಿ ಡಬ್ಬಿ ಯಾರೂ ಮಾಡಿಕೊಡಲ್ಲ. ಚೌಕಟ್ಟಿನಲ್ಲಿ ಸ್ಕ್ರೂ ಹಿಡೀತೈತಾ ನೋಡಿ ಬಾಗಿಲು ಹೊಸದು ಹಾಕಿಸ್ರಿ. ಲ್ಯಾಮಿನೇಟ್ ಎರಡೂ ಕಡೆ ಇರಬೇಕು, ಹೊರಗಷ್ಟೇ ಅಂಟಿಸಿದ್ರೆ ಬಾಗಿಲು ಬೆಂಡಾಗ್ತೈತೆ.

ಡ್ರಾಯರ್ ಚಿಂತೆ: ಡ್ರಾಯರ್ ಜಾರೋಕೆ ಹಾಕೋ ಚಾನೆಲ್ ಯಾವುದು ಒಳ್ಳೇದು?

ನಿಟ್ಟುವಳ್ಳಿ ಗೃಹಿಣಿ: ಸಿಂಕ್ ಕೆಳಗಿನ ಹಲಗೆ ಉಬ್ಬಿದೆ. ಹಿಂದಿನ ಗೋಡೆ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಎದ್ದಿದೆ, ಗೋಡೆ ಆಚೆ ಬಚ್ಚಲು. ಒಬ್ಬರು ಬಾಗಿಲು ಬದಲಾಯಿಸಿದ್ರೆ ಸಾಕು ಅಂದ್ರು. ಶೋರೂಮಿನವರು ಎಲ್ಲ ಕಿತ್ತಾಕಿ ಅಂತಾರೆ.

ಬಡಗಿ: ಅಕ್ಕಾ, ಇಬ್ಬರಿಗೂ ಈಗಲೇ ಅಡ್ವಾನ್ಸ್ ಕೊಡಬೇಡಿ. ಮಣ್ಣಿನ ಗೆರೆ ಅಂದ್ರೆ ಗೆದ್ದಲು ಓಡಾಡೋ ದಾರಿ. ನಡುವೆ ಒಂದಿಂಚು ಕೆರೆದು ನೋಡಿ. ಬಿಳಿ ಹುಳ ಕಂಡ್ರೆ, ಇಲ್ಲಾ ಕೆಲವು ದಿನದಲ್ಲಿ ಕೆರೆದ ಜಾಗ ಮತ್ತೆ ಮುಚ್ಚಿಕೊಂಡ್ರೆ, ಇನ್ನೂ ಜೀವಂತ ಐತೆ. ಮುಚ್ಚದಿದ್ರೆ ಹೋಯ್ತು ಅಂತ ಖುಷಿಪಡಬೇಡಿ, ಬೇರೆ ದಾರಿ ಹಿಡಿದಿರಬಹುದು.

ಇನ್ನು ತೇವ. ಸಿಂಕ್ ತುಂಬಿಸಿ ನೀರು ಒಮ್ಮೆಲೇ ಬಿಡಿ, ಕೆಳಗೆ ಒಣ ಪೇಪರ್ ಹಾಸಿರಿ. ಪೇಪರ್ ಒದ್ದೆಯಾದ್ರೆ ಸಿಂಕಿನ ನೀರು ಹೋಗೋ ತೂತಿನ ಜೋಡಣೆ, ವೇಸ್ಟ್ ಕಪ್ಲಿಂಗ್, ಸೋರ್ತಿದೆ. ಒಣಗೇ ಇದ್ರೆ ಬಚ್ಚಲ ಪೈಪು, ಟೈಲ್ಸ್ ಸಂದು ನೋಡಿಸಿ.

ಆಮೇಲೆ ಪಕ್ಕದ ಡಬ್ಬಿಗಳ ಕೆಳ ಅಂಚನ್ನ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಅಂಚಲ್ಲಿ ಪದರ ಕಂಡ್ರೆ ಪ್ಲೈ, ಚಕ್ಕೆ-ಪುಡಿ ಕಂಡ್ರೆ ಪಾರ್ಟಿಕಲ್ ಬೋರ್ಡ್. ಬೋರ್ಡ್ ಒಮ್ಮೆ ಉಬ್ಬಿದ್ರೆ ಒಣಗಿದ ಮೇಲೂ ಇಳಿಯಲ್ಲ, ಸ್ಕ್ರೂ ಹಿಡಿಯಲ್ಲ. 18 ಎಂಎಂ ಬಾಗಿಲು ನೇತು ಹಾಕಿದ್ರೆ ಹಿಂಜ್ ಸಮೇತ ಕಿತ್ತು ಬರ್ತೈತೆ. ಪ್ಲೈ ಆಗಿದ್ದು ಸಿಂಕಿನ ಡಬ್ಬಿ ಒಂದೇ ಕೆಟ್ಟಿದ್ರೆ ಅದೊಂದನ್ನ ಹೊಸದು ಮಾಡಿ, ಉಳಿದವಕ್ಕೆ ಬಾಗಿಲು.

ಗೆದ್ದಲಿಗೆ ನೆಲ-ಗೋಡೆ ಸೇರೋ ಕಡೆ 12 ಎಂಎಂ ತೂತು, 300 ಎಂಎಂಗೆ ಒಂದರಂತೆ ಕೊರೆದು ಔಷಧ ಬಿಡ್ತಾರೆ. ಕಟ್ಟಿದ ಮನೆಗಳಿಗೆ ಭಾರತೀಯ ಮಾನಕ ಐಎಸ್ 6313ರ 3ನೇ ಭಾಗದಲ್ಲಿ ಇರೋ ಕ್ರಮ ಇದು. ಲೈಸೆನ್ಸ್ ಇರೋರೇ ಮಾಡಬೇಕು, ಅನ್ನ ಬೇಯೋ ಜಾಗ. ಅಲ್ಲಿವರೆಗೆ ಹೊಸ ಬಾಗಿಲು ಹಾಕಿಸಿದ್ರೆ ಗೆದ್ದಲಿಗೆ ಹಬ್ಬದೂಟ.

ಬೆಣ್ಣೆದೋಸೆ ಪ್ರಿಯ: ಫಾರ್ವರ್ಡ್ ಬಂದದ್ದು: ಸೀಮೆಎಣ್ಣೆಗೆ ಇಂಗು, ಉಪ್ಪು ಕಲಸಿ ಸ್ಪ್ರೇ ಮಾಡಿ, ಗೆದ್ದಲು ಮೂರೇ ದಿನದಲ್ಲಿ ಮಾಯ. ಎಲ್ಲರಿಗೂ ತಿಳಿಸಿ 🙏

ಬಡಗಿ: ಡಿಲೀಟ್ ಮಾಡ್ರಿ. ಮೇಲೆ ಒಲೆ ಉರೀತೈತೆ, ಕೆಳಗೆ ಸೀಮೆಎಣ್ಣೆ ಹೊಡೀರಿ ಅಂತೀರಲ್ಲ. ಗೂಡು ಮಣ್ಣೊಳಗೈತೆ, ನಿಮ್ಮ ಸ್ಪ್ರೇಗೆ ಸಾಯೋದು ಕಣ್ಣಿಗೆ ಬಿದ್ದ ನಾಲ್ಕು ಹುಳ.

ಬೆಣ್ಣೆದೋಸೆ ಪ್ರಿಯ: ನಮ್ಮಜ್ಜ ಜಂತೆಗೆ ಅದನ್ನೇ ಹಚ್ತಿದ್ದ. ಮನೆ ಇನ್ನೂ ನಿಂತೈತೆ.

ಕೋಟೆ ಕಡೆಯವ, ದುರ್ಗ: ನಿಮ್ಮಜ್ಜನ ಜಂತೆ ಸಾಗುವಾನಿ ಕಣ್ರಿ. ಈಗಿನದು ಪ್ಲೈ.

ಬೆಣ್ಣೆದೋಸೆ ಪ್ರಿಯ: ದುರ್ಗದವರು ಕಲ್ಲಿನ ಬಗ್ಗೆ ಮಾತಾಡಿ, ಮರ ನಮಗೆ ಬಿಡಿ.

ಕೋಟೆ ಕಡೆಯವ, ದುರ್ಗ: ಬಿಟ್ಟಿದ್ದಕ್ಕೇ ಸೀಮೆಎಣ್ಣೆ ತನಕ ಬಂದಿದ್ದು.

ಶೋರೂಮ್ ಗ್ರಾಹಕ: ಇದೆಲ್ಲ ತಲೆನೋವು ಯಾಕೆ? ರೆಡಿಮೇಡ್ ತಗೊಳ್ಳಿ. ನಮ್ಮೂರ ಬಡಗಿಗಳು ಹೇಳಿದ ದಿನ ಯಾವತ್ತು ಬಂದಿದ್ದಾರೆ?

ಎಂಸಿಸಿ ಬಿ ಬ್ಲಾಕ್: ಅವರು ರಜದ ದಿನ ಕೂತು ಪುಕ್ಕಟೆ ಹೇಳ್ತಿದ್ದಾರೆ, ಸ್ವಲ್ಪ ಮರ್ಯಾದೆ ಇರಲಿ.

ಶೋರೂಮ್ ಗ್ರಾಹಕ: ಸತ್ಯ ಹೇಳಿದ್ರೆ ಮರ್ಯಾದೆ ಹೋಗುತ್ತಾ?

ಪಿ.ಜೆ. ಬಡಾವಣೆ: ಸುಮಾರಾಗಿ ಆದ್ರೂ ರೇಟ್ ಹೇಳಿ ಸಾರ್.

ಬಡಗಿ: ಮೇಲೆ ಓದ್ರಿ.

ವಿದ್ಯಾನಗರ: ಐಎಸ್ 710 ಮಾರ್ಕಿನ ಮರೈನ್ ಪ್ಲೈ ಹಾಕಿದ್ರೆ ನೀರಿನ ಭಯ ಇಲ್ವಲ್ಲ?

ಬಡಗಿ: 72 ಗಂಟೆ ಕುದಿಸಿದ್ರೂ ಅಂಟು ಬಿಡಬಾರದು ಅನ್ನೋ ಪರೀಕ್ಷೆ ಅದಕ್ಕೆ. ಆದ್ರೂ ಪೈಪಿಗೆ ಕೊರೆದ ತೂತಿನ ಅಂಚು ಹಾಗೇ ಬಿಟ್ರೆ ಅಲ್ಲಿಂದ ನೀರು ಕುಡೀತೈತೆ. ಸೀಲ್ ಮಾಡಿಸ್ರಿ.

ಹರಿಹರ: ಹಳೇ ಸನ್‌ಮೈಕಾ ಮೇಲೇ ಹೊಸದು ಅಂಟಿಸಬಹುದಾ?

ಬಡಗಿ: ಹಳೇದು ಎಲ್ಲೂ ಎದ್ದಿರಬಾರದು. ಒಗ್ಗರಣೆ ಜಿಡ್ಡು ತೊಳೆದು, ಉಜ್ಜಿ ಒರಟು ಮಾಡಬೇಕು. ಕಾಂಟ್ಯಾಕ್ಟ್ ಅಂಟು ಹಚ್ಚುವಾಗ ಕಿಟಕಿ ತೆಗೀರಿ, ಸಿಲಿಂಡರ್ ಬಂದ್ ಮಾಡಿ, ದೇವರ ದೀಪಾನೂ ಇರಬಾರದು. ಆ ಆವಿ ಭಗ್ ಅಂತ ಹೊತ್ಕೊಳ್ತೈತೆ.

ನಿಟ್ಟುವಳ್ಳಿ ಗೃಹಿಣಿ: ಕೆರೆದೆ, ಬಿಳಿ ಹುಳ ಇವೆ. ಪೇಪರೂ ಒದ್ದೆ ಆಯ್ತು. ಪಕ್ಕದ ಡಬ್ಬಿಗಳು ಗಟ್ಟಿ ಇವೆ, ಪದರ ಕಾಣ್ತಿದೆ.

ಬಡಗಿ: ಹಾಗಾದ್ರೆ ಉಳಿದ ಕಪಾಟು ಉಳೀತು. ಸಿಂಕಿನ ಡಬ್ಬಿ ನಾಳೆನೇ ಬಿಚ್ಚಿಸಿ, ಗೋಡೆ ಪೂರ್ತಿ ಕಾಣಬೇಕು. ಮೊದಲು ಪ್ಲಂಬರ್, ಆಮೇಲೆ ಔಷಧದವರು, ಗೋಡೆ ಒಣಗಿದ ಮೇಲೆ ಬಡಗಿ. ಬಡಗಿ ಅವಸರ ಮಾಡಿದ್ರೆ ಬೇರೆಯವರನ್ನ ನೋಡಿ.

ಬೆಣ್ಣೆದೋಸೆ ಪ್ರಿಯ: ಸೀಮೆಎಣ್ಣೆ ಬೇಡ, ಇಂಗಿನ ನೀರಾದ್ರೂ ಹೊಡೀಬಹುದಲ್ಲ?

ಬಡಗಿ: ಇಂಗು ಸಾರಿಗೆ ಹಾಕ್ರಿ. ಇವತ್ತಿಗೆ ಸಾಕು.

ಡ್ರಾಯರ್ ಚಿಂತೆ: ಮಧ್ಯಾಹ್ನದಿಂದ ಕೇಳ್ತಿದೀನಿ, ಚಾನೆಲ್ ಯಾವುದು ಅಂತ. ನನಗೆ ಉತ್ತರ ಇಲ್ವಾ?