ಫೈನಲ್ ಫ್ಯಾಂಟಸಿ 3, ಡಿಎಸ್ ರೀಮೇಕ್: ಕಾದಾಟ ಎಷ್ಟು ಬದಲಾಗಿದೆ?

ಪ್ರಶ್ನೆ:
1990ರಲ್ಲಿ ನಿಂಟೆಂಡೊದ ಫ್ಯಾಮಿಕಾಮ್ ಗೇಮ್ ಯಂತ್ರಕ್ಕೆ ಬಂದ ಫೈನಲ್ ಫ್ಯಾಂಟಸಿ 3 ಎಂಬ ವಿಡಿಯೊ ಆಟವು ಹದಿನಾರು ವರ್ಷಗಳ ಕಾಲ ಜಪಾನಿನ ಹೊರಗೆ ಅಧಿಕೃತವಾಗಿ ಬಿಡುಗಡೆಯಾಗಲಿಲ್ಲ. 2006ರಲ್ಲಿ ಮ್ಯಾಟ್ರಿಕ್ಸ್ ಸಾಫ್ಟ್‌ವೇರ್ ನಿಂಟೆಂಡೊ ಡಿಎಸ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕಾಗಿ ಹೊಸದಾಗಿ ಸಿದ್ಧಪಡಿಸಿದ 3ಡಿ ರೀಮೇಕ್‌ನಿಂದಲೇ ಹೊರಗಿನವರಿಗೆ ಅದು ಇಂಗ್ಲಿಷಿನಲ್ಲಿ ದೊರೆಯಿತು. ಮೂಲದಲ್ಲಿ ಹೆಸರೂ ಇಲ್ಲದಿದ್ದ ನಾಲ್ವರು ಅನಾಥರು ಇಲ್ಲಿ ಲುನೆತ್, ಆರ್ಕ್, ರೆಫಿಯಾ ಮತ್ತು ಇಂಗಸ್ ಆಗಿದ್ದಾರೆ ಎಂಬುದನ್ನು ಬಲ್ಲೆ. ಆದರೆ ಕಥೆಗಿಂತ ಕಾದಾಟದ ಬಗ್ಗೆ ನನಗೆ ಕುತೂಹಲ ಹೆಚ್ಚು. ಮೂಲದ ಕಾಠಿಣ್ಯ ಇದರಲ್ಲಿ ಉಳಿದಿದೆಯೇ, ಅಥವಾ ಮೂಲದ 2ಡಿ ರೂಪದಲ್ಲೇ ಮತ್ತೆ ಬಂದ 2021ರ ಪಿಕ್ಸೆಲ್ ರೀಮಾಸ್ಟರ್ ಆವೃತ್ತಿಯನ್ನೇ ಆಡುವುದು ಲೇಸೇ?

ಉತ್ತರ 1:
ಕಾಠಿಣ್ಯ ಉಳಿದಿದೆ, ಆದರೆ ಅದರ ಬಗೆ ಬೇರೆಯಾಗಿದೆ. ಫ್ಯಾಮಿಕಾಮ್‌ನಲ್ಲಿ ಒಮ್ಮೆಗೆ ಎಂಟು ಶತ್ರುಗಳವರೆಗೂ ಎದುರಾಗುತ್ತಿದ್ದರೆ, ಡಿಎಸ್‌ನ ತೆರೆಯಲ್ಲಿ ಮೂವರಿಗಿಂತ ಹೆಚ್ಚು ಶತ್ರುಗಳು ಬರುವುದಿಲ್ಲ. ಇದು ಚಿಕ್ಕ ಬದಲಾವಣೆಯಂತೆ ತೋರುತ್ತದೆ. ಆದರೆ ಗುಂಪನ್ನೇ ಸುಡುವ ಮಂತ್ರಗಳ ಬೆಲೆ ಇದರಿಂದ ಕುಗ್ಗಿ, ಒಬ್ಬೊಬ್ಬ ಶತ್ರುವನ್ನು ಬಲವಾಗಿ ಹೊಡೆಯುವ ಜಾಬ್‌ಗಳ (ಪಾತ್ರಗಳಿಗೆ ನಾವು ಆರಿಸಿಕೊಡುವ ವೃತ್ತಿಗಳ) ಬೆಲೆ ಏರಿತು. ಅದನ್ನು ಸರಿದೂಗಿಸಲೆಂಬಂತೆ ಅನೇಕ ಬಾಸ್‌ಗಳು (ಘಟ್ಟದ ಪ್ರಮುಖ ಶತ್ರುಗಳು) ಒಂದೇ ಸುತ್ತಿನಲ್ಲಿ ಎರಡು ಬಾರಿ ದಾಳಿ ಮಾಡುತ್ತವೆ. ಆರಂಭದಲ್ಲಿ ನಾಲ್ವರು ಒಟ್ಟಿಗೆ ಗುಹೆಗೆ ಬೀಳದೆ ಲುನೆತ್ ಒಬ್ಬನೇ ಬೀಳುವುದರಿಂದ ಮೊದಲ ಕಾದಾಟಗಳ ಸ್ವಾದವೂ ಬೇರೆಯೇ. ನನ್ನ ಮಟ್ಟಿಗೆ, ಇದನ್ನು ಮೂಲದ ಪ್ರತಿಯೆಂದು ಭಾವಿಸದೆ ಸ್ವತಂತ್ರ ಆಟವೆಂದು ಆಡಿದರೆ ಹೆಚ್ಚು ದಕ್ಕುತ್ತದೆ.

ಉತ್ತರ 2:
ಸ್ವತಂತ್ರ ಆಟವೆಂಬುದನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಈ ಆಟದ ಜೀವಾಳವಿರುವುದು ನಡುನಡುವೆ ಆಟಗಾರನ ತಂಡವನ್ನೇ ಬದಲಿಸುವಂತೆ ಒತ್ತಾಯಿಸುವ ಘಟ್ಟಗಳಲ್ಲಿ. ಮಿನಿ ಮಂತ್ರದಿಂದ ಕುಬ್ಜರಾಗಿ ಹೋಗಬೇಕಾದ ಗುಹೆಗಳಲ್ಲಿ ಕತ್ತಿ ನಿಷ್ಪ್ರಯೋಜಕವಾದ್ದರಿಂದ ಮಂತ್ರವಾದಿಗಳೇ ಗತಿ. ಗರುಡನೆಂಬ ಬಾಸ್‌ಗೆ ಡ್ರಾಗೂನ್‌ ಎಂಬ ಜಾಬ್‌ನವರ ಜಿಗಿತದ ದಾಳಿಯೇ ಮದ್ದು. (ನಮ್ಮ ಪುರಾಣದ ಗರುಡನನ್ನು ಹೀಗೆ ಎದುರಾಳಿಯಾಗಿ ಕಾಣುವುದು ವಿಚಿತ್ರವೇ ಸರಿ.) ಇವೆಲ್ಲ ರೀಮೇಕ್‌ನಲ್ಲಿಯೂ ಹಾಗೆಯೇ ಇವೆ. ಕೊನೆಯ ಕ್ರಿಸ್ಟಲ್ ಟವರ್‌ನ ಸುದೀರ್ಘ ಪಯಣದಲ್ಲಿ ಆಟವನ್ನು ಉಳಿಸಿಟ್ಟುಕೊಳ್ಳುವ ಸೇವ್ ಪಾಯಿಂಟ್ ಒಂದೂ ಇಲ್ಲದಿರುವುದೂ ಹಾಗೆಯೇ ಇದೆ. ಅಂತಿಮ ಬಾಸ್‌ನ ಎದುರು ಸೋತರೆ ಗಂಟೆಗಟ್ಟಲೆಯ ಶ್ರಮ ನೀರಿನಲ್ಲಿ ಹೋಮ. ಬೇಕೆಂದಲ್ಲಿ ಸೇವ್ ಮಾಡಬಹುದಾದ ಪಿಕ್ಸೆಲ್ ರೀಮಾಸ್ಟರ್‌ನಲ್ಲಿ ಆ ಭಯವಿಲ್ಲ. ಮೂಲದ ಹಟವನ್ನು ಅನುಭವಿಸಬೇಕೆಂದಿದ್ದರೆ ಡಿಎಸ್ ಆವೃತ್ತಿಯನ್ನೇ ಆರಿಸಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಆನಿಯನ್ ನೈಟ್ ಜಾಬ್ ಪಡೆಯಲು ಇತರ ಆಟಗಾರರಿಗೆ ಪತ್ರ ಕಳುಹಿಸಬೇಕೆಂದು ಓದಿದೆ. ಈಗಲೂ ಅದು ಸಾಧ್ಯವೇ?

ಉತ್ತರ 1:
ಮೂಲದಲ್ಲಿ ಆನಿಯನ್ ನೈಟ್ ಆರಂಭದಲ್ಲೇ ಸಿಗುವ ಜಾಬ್ ಆಗಿತ್ತು. ಡಿಎಸ್‌ನಲ್ಲಿ ಅದನ್ನು ಮಾಗ್‌ನೆಟ್ ಎಂಬ ಅಂಚೆವ್ಯವಸ್ಥೆಯ ಹಿಂದೆ ಬಚ್ಚಿಟ್ಟರು. ಇದು ಈ ರೀಮೇಕ್‌ನ ಅತ್ಯಂತ ಅವಿವೇಕದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ನಿಂಟೆಂಡೊದ ವೈಫೈ ಸೇವೆಯು 2014ರಲ್ಲಿ ನಿಂತುಹೋದ್ದರಿಂದ, ಹತ್ತಿರದಲ್ಲೇ ಇನ್ನೊಂದು ಡಿಎಸ್ ಮತ್ತು ಅದೇ ಕಾರ್ಟ್ರಿಡ್ಜ್ ಇರುವ ಸ್ನೇಹಿತರು ಇದ್ದರೆ ಮಾತ್ರ ಪ್ರಯತ್ನಿಸಬಹುದು. ಆ ಜಾಬ್ ಇಲ್ಲದೆಯೂ ಕಥೆಯನ್ನು ಮುಗಿಸಲು ಯಾವ ಅಡ್ಡಿಯೂ ಇಲ್ಲ.